ಅಕಾಡೆಮಿಕ್ ವರ್ಡ್ ಲಿಸ್ಟ್: ಪರೀಕ್ಷಾರ್ಥಿಗೆ ಎಷ್ಟು ಉಪಯುಕ್ತ?

ಭಾಷಾ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ ಅವರು 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಎಂಬ ಇಂಗ್ಲಿಷ್ ಪದಪಟ್ಟಿ, ಐಇಎಲ್‌ಟಿಎಸ್ ಅಥವಾ ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಸಿದ್ಧರಾಗುವವರಿಗೆ ಉಚಿತವಾಗಿ ಸಿಗುವ ಸಾಮಗ್ರಿಗಳಲ್ಲಿ ನಾನು ಮೊದಲು ಶಿಫಾರಸು ಮಾಡುವಂಥದ್ದು. ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಬರಹವನ್ನು ಪರಿಶೀಲಿಸಿ, ದಿನಬಳಕೆಯ ಮೂಲ ಪದಗಳನ್ನು ಹೊರಗಿಟ್ಟು, ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂಬ ನಾಲ್ಕೂ ವಿಭಾಗಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನಷ್ಟೇ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪು) ಆರಿಸಿ, ಬಳಕೆಯ ಪ್ರಮಾಣಕ್ಕೆ ಅನುಗುಣವಾಗಿ 10 ಉಪಪಟ್ಟಿಗಳಲ್ಲಿ ಜೋಡಿಸಿರುವುದರಿಂದ, ಸಮಯ ಕಡಿಮೆಯಿರುವವರು ಮೊದಲ ಕೆಲವು ಉಪಪಟ್ಟಿಗಳಿಗೇ ನಿಂತರೂ ದೊಡ್ಡ ನಷ್ಟವಿಲ್ಲ.

ಆದರೆ ಇದು ಪಟ್ಟಿಯೇ ಹೊರತು ಪಾಠವಲ್ಲ. ಅರ್ಥವಾಗಲಿ, ಉದಾಹರಣೆಯಾಗಲಿ, ಯಾವ ಪದದ ಜೊತೆ ಯಾವುದು ಹೊಂದುತ್ತದೆ ಎಂಬ ಸೂಚನೆಯಾಗಲಿ ಇದರಲ್ಲಿಲ್ಲ. ಐಇಎಲ್‌ಟಿಎಸ್ ಬರವಣಿಗೆಯ ಮೌಲ್ಯಮಾಪನದಲ್ಲಿ ಕಾಲುಭಾಗ ಪದಸಂಪತ್ತಿಗೇ ಮೀಸಲಾಗಿದ್ದು, ಪರೀಕ್ಷಕರು ಪದಗಳ ನಿಖರ ಬಳಕೆಯನ್ನೂ ಗಮನಿಸುವುದರಿಂದ ಈ ಕೊರತೆ ಸಣ್ಣದಲ್ಲ. (ಕಂಠಪಾಠ ಮಾಡಿದ ಭಾರೀ ಪದಗಳನ್ನು ತುರುಕಿದ ಪ್ರಬಂಧ ಓದುವವರ ಪಾಡು ಹೇಳತೀರದು.) ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್‌ನಲ್ಲಿ ಪ್ರತಿ ಪದಕ್ಕೂ ಖಾಲಿ ಜಾಗ ಬಿಟ್ಟ ವಾಕ್ಯದ ಕಾರ್ಡ್ ಮಾಡಿಕೊಂಡು, ದಿನಗಳ ಅಂತರವನ್ನು ಹಿಗ್ಗಿಸುತ್ತ ನಮ್ಮನ್ನು ನಾವೇ ಪರೀಕ್ಷಿಸಿಕೊಂಡರೆ ಮಾತ್ರ ಪಟ್ಟಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮನೆ, ಹವ್ಯಾಸಗಳ ಬಗೆಗಿನ ಪ್ರಶ್ನೆಗಳಿಂದ ಆರಂಭವಾಗುವ ಐಇಎಲ್‌ಟಿಎಸ್‌ನ ಸ್ಪೀಕಿಂಗ್ (ಮಾತನಾಡುವ) ವಿಭಾಗಕ್ಕೆ ಇದರಿಂದ ಹೆಚ್ಚಿನ ನೆರವು ಸಿಗದು.