30,000 ಪೆಲೆಟ್‌ಗಳ ನಂತರ: ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, 4.50 ಮಿ.ಮೀ.

ಬೆಳಗಾವಿಯಲ್ಲಿ ಹವ್ಯಾಸಕ್ಕಾಗಿ 10 ಮೀಟರ್ ಏರ್ ರೈಫಲ್ ಹಾರಿಸುವ ನಾನು ಕಳೆದ ಎರಡೂವರೆ ವರ್ಷಗಳಿಂದ ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಎಂಬ ಒಂದೇ ಬಗೆಯ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ಬಳಸುತ್ತಿದ್ದೇನೆ. ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು 80 ಗುಂಡಿನಂತೆ ಈವರೆಗೆ 60 ಡಬ್ಬಿಗಳು, ಅಂದರೆ ಹತ್ತಿರ ಹತ್ತಿರ 30,000 ಪೆಲೆಟ್‌ಗಳು ಖಾಲಿಯಾಗಿವೆ. ಪೆಲೆಟ್ ಚೆನ್ನಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದನ್ನು ಇನ್ನಷ್ಟು ಚೆನ್ನಾಗಿಸಲು ನಾನು ಪಟ್ಟ ಶ್ರಮದಲ್ಲಿ ಮುಕ್ಕಾಲು ಪಾಲು ನೀರಿನಲ್ಲಿ ಹೋಮ ಮಾಡಿದಂತಾಯಿತು.

ವಿದೇಶಗಳಲ್ಲಿ ದೊಡ್ಡ ರೈಫಲ್ ಹಾರಿಸುವವರು ಖಾಲಿ ಕೇಸಿಗೆ (ತೋಟಾದ ಲೋಹದ ಹೊರಕವಚಕ್ಕೆ) ತಾವೇ ಮದ್ದು ತೂಗಿ ತುಂಬಿ, ತಮ್ಮ ನಳಿಗೆಗೆ ಹೊಂದುವ ತೋಟಾಗಳನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಪಾಯಿಂಟ್ 22 ರೈಫಲ್‌ನ ತೋಟಾಗಳಲ್ಲಿ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುವುದರಿಂದ ಅವನ್ನು ಮತ್ತೆ ತುಂಬುವ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ ಇಂತಹ ತೋಟಾಗಳದ್ದೇ. ಅಲ್ಲಿ ಕಾರ್ಖಾನೆಯ ಬೇರೆ ಬೇರೆ ಬ್ಯಾಚುಗಳನ್ನು ಹಾರಿಸಿ ನೋಡಿ, ನಳಿಗೆಗೆ ಒಗ್ಗಿದ್ದನ್ನು ಆರಿಸಿಕೊಳ್ಳುವುದೊಂದೇ ದಾರಿ. ಏರ್ ರೈಫಲ್‌ನವರಾದ ನಮಗೂ ಅದೇ ಗತಿ.

ಈ ಪೆಲೆಟ್‌ನ ತೂಕ 0.53 ಗ್ರಾಂ. ತಲೆ ಚಪ್ಪಟೆಯಾಗಿರುವುದರಿಂದ ಕಾಗದದ ಮೇಲೆ ದುಂಡನೆಯ, ಅಂಚು ಸ್ವಚ್ಛವಾದ ತೂತು ಬೀಳುತ್ತದೆ. ತಲೆಯ ವ್ಯಾಸ 4.49, 4.50 ಮತ್ತು 4.51 ಮಿ.ಮೀ. ಅಳತೆಗಳಲ್ಲಿ ಸಿಗುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಿಂದ ಏನಾದೀತು ಎಂದು ಮೊದಲು ನನಗೂ ಅನ್ನಿಸಿತ್ತು. ಉದ್ಯಮಬಾಗ್‌ನ ವರ್ಕ್‌ಶಾಪ್ ಒಂದರಲ್ಲಿ ಟರ್ನರ್ ಆಗಿರುವ ಗೆಳೆಯರು ದಪ್ಪ ಉಕ್ಕಿನ ಪಟ್ಟಿಯಿಂದ ಒಂದು ಕ್ಲ್ಯಾಂಪ್ ಮಾಡಿಕೊಟ್ಟರು. ರೈಫಲ್‌ನ ಹಿಡಿಯನ್ನು ಬಿಚ್ಚಿ, ನಳಿಗೆಯನ್ನು ಒತ್ತದಂತೆ ಅದರ ಹಿಂದಿನ ಭಾಗವನ್ನಷ್ಟೇ ಬಿಗಿದು, ಸಿಲಿಂಡರಿನಲ್ಲಿ ಗಾಳಿ ಸಾಕಷ್ಟು ಇರುವಾಗಲೇ ಪ್ರತಿ ಅಳತೆಯ ಹತ್ತು ಹತ್ತು ಗುಂಡುಗಳ ಐದು ಗುಂಪುಗಳನ್ನು ಹಾರಿಸಿದೆ. ವರ್ನಿಯರ್‌ನಲ್ಲಿ ಅಳೆದಾಗ ಗುಂಪಿನ ಹೊರ ಅಳತೆ (ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ) ಸರಾಸರಿಯಲ್ಲಿ 4.49ಕ್ಕೆ 7.4 ಮಿ.ಮೀ., 4.51ಕ್ಕೆ 6.6 ಮಿ.ಮೀ., 4.50ಕ್ಕೆ 5.9 ಮಿ.ಮೀ. ಬಂದಿತು. ಇದು 4.49ರ ದೋಷವಲ್ಲ, ಬೇರೊಬ್ಬರ ನಳಿಗೆಯಲ್ಲಿ ಫಲಿತಾಂಶ ಪೂರ್ತಿ ತಿರುಗಿ ಬರಬಹುದು, ನನ್ನ ಜೊತೆಗಾರರೊಬ್ಬರ ರೈಫಲ್‌ನಲ್ಲಿ ಹಾಗೆಯೇ ಬಂದಿದೆ.

ಈ ಅಳತೆಗಳನ್ನು ಅಂಕಗಳಿಗೆ ಇಳಿಸಿದರೆ ಅರ್ಥವಾಗುವುದು ಸುಲಭ. ಒಂದು ಗುಂಡಿಗೆ ಗರಿಷ್ಠ 10.9 ಸಿಗುವ ದಶಮಾಂಶ ಎಣಿಕೆಯಲ್ಲಿ ಗುಂಡು ಕೇಂದ್ರದಿಂದ 0.25 ಮಿ.ಮೀ. ದೂರ ಸರಿದಂತೆಲ್ಲ 0.1 ಅಂಕ ಹೋಗುತ್ತದೆ. 5.9ರ ಗುಂಪಿನಲ್ಲಿ ಪೆಲೆಟ್‌ನ 4.5ನ್ನು ಕಳೆದರೆ ಉಳಿಯುವುದು 1.4, ಅದರ ಅರ್ಧ 0.7. ಎಂದರೆ ರೈಫಲ್ ತಾನೇ ತಾನಾಗಿ ಕೊಡುವ ಅತಿ ಕೆಟ್ಟ ಗುಂಡೂ 10.7. ಅದೇ 7.4ರ ಗುಂಪಿನಲ್ಲಿ ಅತಿ ಕೆಟ್ಟದ್ದು 10.4ಕ್ಕೆ ಇಳಿಯುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ತೂಗಲು ಕುಳಿತೆ. ಶಹಾಪುರದ ಪತ್ತಾರರೊಬ್ಬರ ಸಲಹೆಯಂತೆ ಮಿಲಿಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡು, ಎಂಟು ತಿಂಗಳ ಕಾಲ ಪ್ರತಿ ಭಾನುವಾರ ಬೆಳಿಗ್ಗೆ ಒಂದೊಂದು ಡಬ್ಬಿಯ 500 ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ, ಔಷಧಿ ಡಬ್ಬಿಗಳಲ್ಲಿ ಬೇರ್ಪಡಿಸಿ ಇಟ್ಟೆ. ಮನೆಯವರು ಇದನ್ನು ಜೋಳ ಹಸನು ಮಾಡುವುದಕ್ಕೆ ಹೋಲಿಸಿ ನಕ್ಕರು, ಹೋಲಿಕೆ ತಪ್ಪಾಗಿರಲಿಲ್ಲ. ಬಹುಪಾಲು ಪೆಲೆಟ್‌ಗಳು 0.527 ಮತ್ತು 0.534 ಗ್ರಾಂಗಳ ನಡುವೆಯೇ ಇದ್ದವು. ತೂಗಿದವನ್ನೂ ತೂಗದವನ್ನೂ ಕ್ಲ್ಯಾಂಪ್‌ನಲ್ಲಿ ಹಾರಿಸಿದಾಗ ಗುಂಪುಗಳ ನಡುವೆ ನನ್ನ ವರ್ನಿಯರ್ ಖಚಿತವಾಗಿ ಹೇಳಬಲ್ಲ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ 17 ಮಿ.ಮೀ. ಆಸುಪಾಸು ಕೆಳಗಿಳಿಯುತ್ತದೆ. ಗಾಳಿ ಕೊಡುವ ಶಕ್ತಿ ಹೆಚ್ಚೂಕಡಿಮೆ ಅಷ್ಟೇ ಇರುವುದರಿಂದ ತೂಕ ಶೇಕಡಾ 1ರಷ್ಟು ಹೆಚ್ಚಿದರೆ ಈ ಇಳಿತವೂ ಶೇಕಡಾ 1ರಷ್ಟು, ಅಂದರೆ 0.17 ಮಿ.ಮೀ. ಹೆಚ್ಚುತ್ತದೆ. ಅದು 0.1 ಅಂಕಕ್ಕೂ ಕಡಿಮೆ. ತಕ್ಕಡಿ ಈಗ ಅಡುಗೆಮನೆಯಲ್ಲಿ ಕೇಸರಿ ತೂಗಲು ಬಳಕೆಯಾಗುತ್ತಿದೆ.

ಕಣ್ಣಿನಿಂದ ಪರೀಕ್ಷಿಸುವ ಅಭ್ಯಾಸವನ್ನು ಮಾತ್ರ ಬಿಟ್ಟಿಲ್ಲ. ಪೆಲೆಟ್‌ನ ಹಿಂಬದಿಯ ತೆಳುವಾದ ಲಂಗದಂತಹ ಭಾಗವೇ ಹಿಂದಿನಿಂದ ಬರುವ ಗಾಳಿಯನ್ನು ತಡೆದು ನಳಿಗೆಗೆ ಬಿಗಿಯಾಗಿ ಕೂರುವುದು. ಅದು ನಜ್ಜಾಗಿದ್ದರೆ ಗುಂಡು 9ಕ್ಕೂ ಹೋದೀತು. ಸಾಮಾನ್ಯವಾಗಿ ಡಬ್ಬಿಯಲ್ಲಿ ಇಂತಹವು ಎರಡೋ ಮೂರೋ ಸಿಗುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಒಮ್ಮೆ ಕೊರಿಯರ್‌ನಲ್ಲಿ ಬಂದ ಪಾರ್ಸಲ್ಲನ್ನು ಯಾರೋ ಎಸೆದಿದ್ದರೆಂದು ಕಾಣುತ್ತದೆ, ಡಬ್ಬಿಯ ಮೂಲೆ ತಗ್ಗಾಗಿ ಒಳಗೆ ನಲವತ್ತಕ್ಕೂ ಹೆಚ್ಚು ಪೆಲೆಟ್‌ಗಳು ಸೊಟ್ಟಗಾಗಿದ್ದವು. ಅಂದಿನಿಂದ ಪಂದ್ಯಕ್ಕೆ ಬಸ್ಸಿನಲ್ಲಿ ಹೋಗುವಾಗಲೂ ಡಬ್ಬಿಯ ಮುಚ್ಚಳದೊಳಗೆ ಸ್ಪಂಜಿನ ತುಂಡು ಇಟ್ಟು ಪೆಲೆಟ್‌ಗಳು ಕುಲುಕದಂತೆ ನೋಡಿಕೊಳ್ಳುತ್ತೇನೆ.

ನನ್ನ ದೊಡ್ಡ ತಕರಾರು ಪೆಲೆಟ್‌ನ ಮೇಲಲ್ಲ, ಮಾರಾಟದ ಮೇಲೆ. ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ ಅಂಟಿಸಿರುತ್ತಾರೆ. ಒಗ್ಗಿದ ಬ್ಯಾಚು ಸಿಕ್ಕರೆ ವರ್ಷಕ್ಕೆ ಆಗುವಷ್ಟನ್ನು ಒಮ್ಮೆಗೇ ಕೊಳ್ಳುವುದು ಜಾಣತನ. ಬೇರೆ ಊರಿನ ವ್ಯಾಪಾರಿಯೊಬ್ಬರಿಗೆ ಬ್ಯಾಚ್ ಸಂಖ್ಯೆ ಬರೆದುಕೊಟ್ಟು ಇಪ್ಪತ್ತು ಡಬ್ಬಿಗೆ ಹಣ ಕಳುಹಿಸಿದರೆ ಬಂದದ್ದು ಮೂರು ಬ್ಯಾಚುಗಳ ಕಲಬೆರಕೆ, ಅದರಲ್ಲಿ ನಾಲ್ಕು ಡಬ್ಬಿ 4.51ರವು. ಕೇಳಿದ್ದಕ್ಕೆ, «ಎಲ್ಲಾ ಒಂದೇ ಕಂಪನಿಯದಲ್ಲವೇ ಸರ್» ಎಂಬ ಉತ್ತರ ಬಂತು. ಈಗ ಮೊದಲು ಒಂದೇ ಡಬ್ಬಿ ತರಿಸಿ, ಕ್ಲ್ಯಾಂಪ್‌ನಲ್ಲಿ ಹಾರಿಸಿ, ಉಳಿದ ಡಬ್ಬಿಗಳ ಫೋಟೊ ನೋಡಿದ ಮೇಲಷ್ಟೇ ಹಣ ಕೊಡುತ್ತೇನೆ.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮನೆಗಳಲ್ಲಿ ಚರ್ಮದ ಚಪ್ಪಲಿಗೂ ಬೂಸು ಹಿಡಿಯುತ್ತದೆ. ತೆರೆದಿಟ್ಟ ಡಬ್ಬಿಯ ಸೀಸದ ಮೇಲೆ ಬಿಳಿಯ ಪುಡಿ ಮೂಡಿದ್ದನ್ನು ಕಂಡು ಅವನ್ನು ಎಸೆದಿದ್ದೇನೆ. ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟರೆ ಈ ತೊಂದರೆ ಇಲ್ಲ. ಸೀಸ ವಿಷವಾದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಪೆಲೆಟ್‌ಗಳನ್ನು ಬಾಯಲ್ಲಿ ಹಿಡಿದುಕೊಳ್ಳುವ ಹುಡುಗರನ್ನು ನೋಡಿ ಗದರಿದ್ದೂ ಇದೆ.

ಇಷ್ಟಾಗಿ ನನಗೆ ಸಿಕ್ಕ ಲಾಭವೆಷ್ಟು? 60 ಗುಂಡುಗಳಿಗೆ ಗರಿಷ್ಠ 654 ಅಂಕಗಳಿರುವಲ್ಲಿ ನಾನು 598ರ ಆಸುಪಾಸಿನವನು. ನನ್ನ ಕೈಯ ಅಲುಗಾಟವೇ ರೈಫಲ್‌ನ ಚದುರುವಿಕೆಗಿಂತ ಮೂರು ನಾಲ್ಕು ಪಟ್ಟು ದೊಡ್ಡದಾದ್ದರಿಂದ, ಹೊಂದುವ ಪೆಲೆಟ್ ನನಗೆ ತಂದುಕೊಡುವುದು ಇಡೀ ಪಂದ್ಯದಲ್ಲಿ ಎರಡಂಕಕ್ಕೂ ಕಡಿಮೆ. 625 ದಾಟುವವರಿಗೆ ಆ ಎರಡಂಕವೇ ಎಂಟು ಜನರ ಫೈನಲ್‌ಗೆ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಬಹುದು. ಅವರು ಮೂರು ಅಳತೆಗಳನ್ನೂ ಪರೀಕ್ಷಿಸಿಯೇ ಕೊಳ್ಳಬೇಕು. ಈಗಷ್ಟೇ ಆರಂಭಿಸಿದವರು ಅಭ್ಯಾಸಕ್ಕೆ ಅಗ್ಗದ ಪೆಲೆಟ್ ಬಳಸಿದರೆ ನಷ್ಟವಿಲ್ಲ, ಆದರೆ ಪಂದ್ಯದ ಹಿಂದಿನ ವಾರವೇ ಪಂದ್ಯದ ಪೆಲೆಟ್‌ಗೆ ಬದಲಾಯಿಸಿ ರೈಫಲ್‌ನ ಸೈಟ್ (ಗುರಿ ನೋಡುವ ಭಾಗ) ಸರಿಪಡಿಸಿಕೊಳ್ಳಬೇಕು. ನನ್ನ ಕಪಾಟಿನಲ್ಲಿ ಒಗ್ಗಿದ ಬ್ಯಾಚಿನ ಹನ್ನೊಂದು ಡಬ್ಬಿಗಳಿವೆ. ಅವು ಮುಗಿಯುವ ಮೊದಲೇ ಮುಂದಿನ ಬ್ಯಾಚಿನ ಒಂದು ಡಬ್ಬಿಗೆ ಹೇಳಿಟ್ಟಿದ್ದೇನೆ.