ಮೂರು ಮಳೆಗಾಲ ಕಂಡ ಗ್ಯಾಸ್ ಗ್ರಿಲ್

2022ರ ಡಿಸೆಂಬರ್‌ನಲ್ಲಿ 4,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಎರಡು ಬರ್ನರ್‌ನ ಗ್ಯಾಸ್ ಗ್ರಿಲ್ ಇದು. ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದವು. ಒಂದರಲ್ಲೂ ಮಳೆ ಅನ್ನುವ ಪದವೇ ಇರಲಿಲ್ಲ. ನಾವಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯ ಹಳ್ಳಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್‌ನಲ್ಲಿ ಒಗೆದ ಪಂಚೆ ಗರಿಗರಿಯಾಗಿ ಒಣಗಬೇಕಾದರೆ ಸೆಪ್ಟೆಂಬರ್ ಬರಬೇಕು. ಅಂಥ ಜಾಗದಲ್ಲಿ ಅಗ್ಗದ ಗ್ರಿಲ್ ಎಷ್ಟು ಬಾಳುತ್ತದೆ ಅನ್ನುವುದನ್ನು ಯಾರಾದರೂ ಬರೆಯಬೇಕಲ್ಲ ಅಂತ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಈ ಬೆಲೆಗೆ ಸಿಗುವ ಗ್ರಿಲ್‌ಗಳೆಲ್ಲ ಸ್ಟಿಕ್ಕರ್ ಬಿಟ್ಟರೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ಮೊದಲು ಯಾಕೆ ತಗೊಂಡೆ ಅಂತ ಹೇಳಿಬಿಡುತ್ತೇನೆ. ನಮ್ಮನೆಯಲ್ಲಿ ಸುಡುವ ಕೆಲಸವೆಲ್ಲ ಬಚ್ಚಲು ಒಲೆಯದು. ಹಂಡೆ ನೀರು ಕಾದ ಮೇಲೆ ಉಳಿದ ಕೆಂಡದಲ್ಲಿ ಗೆಣಸು, ಬದನೆಕಾಯಿ, ಹಲಸಿನ ಹಪ್ಪಳ, ಒಣ ಮೀನು. ಸೋಲಾರ್ ಹಾಕಿಸಿದ ಮೇಲೆ ಬೇಸಿಗೆಯಲ್ಲಿ ಒಲೆ ಹಚ್ಚುವುದು ನಿಂತುಹೋಯಿತು. ಬದನೆಕಾಯಿಯನ್ನು ಅಡುಗೆಮನೆ ಸ್ಟವ್ ಮೇಲೆ ಸುಡಲು ಹೋಗಿ, ರಸ ಸೋರಿ ಬರ್ನರ್ ತೂತು ಕಟ್ಟಿಕೊಂಡು, ಹೆಂಡತಿ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಗ್ರಿಲ್ ಬಂದದ್ದು ಹಾಗೆ. ಕೋಳಿ, ಪಾರ್ಟಿ ಎಲ್ಲ ಆಮೇಲೆ ಸೇರಿಕೊಂಡ ನೆಪ.

ಪೆಟ್ಟಿಗೆಯಲ್ಲಿ ಬಂದದ್ದು: ತೆಳು ತಗಡಿನ ಡಬ್ಬಿಯಂಥ ಮೈ, ಮುಚ್ಚಳ, ಮಡಚುವ ನಾಲ್ಕು ಕಾಲು, ಹೊಳೆಯುವ ಸರಳಿನ ಜಾಲರಿ, ಜಿಡ್ಡು ಬೀಳಲು ಅಡಿಯಲ್ಲೊಂದು ತಟ್ಟೆ. ಜೊತೆಗೆ ಒಂದು ಗ್ಯಾಸ್ ಪೈಪ್. ಅದು ಗಟ್ಟಿ ಪ್ಲಾಸ್ಟಿಕ್ಕು, ಐಎಸ್‌ಐ ಗುರುತೂ ಇಲ್ಲ. ಅದನ್ನು ಅವತ್ತೇ ಬಿಸಾಕಿ, ಗ್ಯಾಸ್ ಏಜೆನ್ಸಿಯಿಂದ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಮತ್ತು ಸಿಲಿಂಡರ್‌ಗೆ ಒಪ್ಪುವ ರೆಗ್ಯುಲೇಟರ್ ತಂದೆ. ಈ ಖರ್ಚನ್ನು ಗ್ರಿಲ್ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಜೋಡಿಸಿದ ಮೇಲೆ ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ. ಸೋಪಿನ ನೀರು ಬಳಿದರೆ ಸಾಕು, ಸೋರುವ ಕಡೆ ಗುಳ್ಳೆ ಏಳುತ್ತದೆ. ನನ್ನದರಲ್ಲಿ ನಾಬ್ ಹತ್ತಿರದ ಕ್ಲಿಪ್ ಸಡಿಲವಿತ್ತು, ಗುಳ್ಳೆ ಎದ್ದವು, ಬಿಗಿ ಮಾಡಿದೆ.

ಬೆಂಕಿಯ ಬಗ್ಗೆ ಹೇಳುವುದಾದರೆ, ಈ ದುಡ್ಡಿಗೆ ಮೋಸವಿಲ್ಲ. ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿದರೆ ಜಾಲರಿ ಚುರ್ ಅನ್ನುವಷ್ಟು ಬಿಸಿಯಾಗುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಸಮ ಅಲ್ಲ. ಇದನ್ನು ತಿಳಿಯಲು ನಾನು ಕಂಡುಕೊಂಡ ದಾರಿ ಅಕ್ಕಿ ಹಪ್ಪಳ. ಕಾದ ಜಾಲರಿಯ ತುಂಬ ಹಪ್ಪಳ ಹರಡಿ, ಸುಮ್ನೆ ನೋಡುತ್ತ ನಿಂತೆ. ಹಿಂಭಾಗದ ನಡುವಿನವು ಕಣ್ಣುಮಿಟುಕಿಸುವಷ್ಟರಲ್ಲಿ ಉಬ್ಬಿ ಕರಿಯಾದವು. ಮುಂದಿನ ಎಡಮೂಲೆಯದು ಬೆಳ್ಳಗೆ ಹಾಗೇ ಮಲಗಿತ್ತು. ಆ ಮೂಲೆ ಈಗ ಬೆಂದದ್ದನ್ನು ಬಿಸಿಯಾಗಿ ಇಡುವ ಜಾಗ. ಹೊಸ ಗ್ರಿಲ್ ತಂದವರು ಮೊದಲ ದಿನವೇ ಈ ಹಪ್ಪಳದ ಪರೀಕ್ಷೆ ಮಾಡಿ, ಕೋಳಿ ಹಾಳು ಮಾಡಿಕೊಳ್ಳುವುದು ತಪ್ಪುತ್ತದೆ.

ಗ್ಯಾಸ್ ಎಷ್ಟು ತಿನ್ನುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅಡಿಕೆ ತೂಗುವ ಕಾಟಾದ ಮೇಲೆ ಸಿಲಿಂಡರ್ ಇಟ್ಟು, ಮುಂಚೆ ಒಂದು ಸಲ, ಆಮೇಲೆ ಒಂದು ಸಲ ತೂಗಿದೆ. ಎರಡೂ ಬರ್ನರ್ ಪೂರ್ತಿ ಉರಿಸಿದರೆ ಗಂಟೆಗೆ ಸುಮಾರು 380 ಗ್ರಾಂ. ಅಂದರೆ 5 ಕೆಜಿಯ ಸಣ್ಣ ಸಿಲಿಂಡರ್ 13 ಗಂಟೆಯಷ್ಟು ಬರುತ್ತದೆ. ಆದರೆ ಪೂರ್ತಿ ಉರಿ ಬೇಕಾಗುವುದು ಕಾಯಿಸುವಾಗ ಮಾತ್ರ, ಹಾಗಾಗಿ ನಮಗೆ ಇನ್ನೂ ಜಾಸ್ತಿಯೇ ಬರುತ್ತದೆ.

ಈಗ ಬದನೆಕಾಯಿ. ಇದೊಂದಕ್ಕೇ ಬೇಕಾದರೂ ನಾನು ಈ ಗ್ರಿಲ್ ಇನ್ನೊಮ್ಮೆ ಕೊಳ್ಳುತ್ತೇನೆ. ಗುಂಡು ಬದನೆಗೆ ನಾಲ್ಕೈದು ಕಡೆ ಚುಚ್ಚಿ, ಎಣ್ಣೆ ಸವರಿ, ಹಿಂದಿನ ಬಿಸಿ ಜಾಗದಲ್ಲಿ ಇಡುವುದು. ಮೊದಲು ಮುಚ್ಚಳ ತೆಗೆದು ಸಿಪ್ಪೆ ಕರಿಯಾಗಲು ಬಿಡಬೇಕು. ಆಮೇಲೆ ಮುಚ್ಚಳ ಹಾಕಿ ಸಣ್ಣ ಉರಿ. ಇಪ್ಪತ್ತು ನಿಮಿಷದಲ್ಲಿ ತೊಟ್ಟಿನ ಹತ್ತಿರ ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯುತ್ತದೆ. ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಕೈಯಲ್ಲೇ ಕಿವುಚಿ, ಸೂಜಿ ಮೆಣಸು ನುರಿದು, ಉಪ್ಪು, ಚೂರು ಬೆಲ್ಲ, ವಾಟೆ ಹುಳಿ ನೆನೆಸಿದ ನೀರು ಹಾಕಿ, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಅಕ್ಕಿ ರೊಟ್ಟಿ ಜೊತೆ ಈ ಗೊಜ್ಜು ಇದ್ದ ದಿನ ಸಾರು ಹಾಗೇ ಉಳಿಯುತ್ತದೆ.

ಬಂಗುಡೆಯೂ ಚೆನ್ನಾಗಿ ಬರುತ್ತದೆ. ಮಲ್ಪೆ ಕಡೆಯಿಂದ ಘಾಟಿ ಹತ್ತಿ ಬರುವ ಮೀನು ನಮಗೆ ಸಂಜೆಯೊಳಗೆ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಆ ಎರಡು ತಿಂಗಳು ಹತ್ತು ಮೀನು ಸಿಕ್ಕವರೇ ಪುಣ್ಯವಂತರು. ಮೀನು ಜಾಲರಿಗೆ ಅಂಟುತ್ತದೆ ಅಂತ ಮೊದಲ ವರ್ಷ ತುಂಬ ಒದ್ದಾಡಿದೆ. ನನ್ನದೇ ತಪ್ಪು, ಬೇಗ ಮಗುಚುತ್ತಿದ್ದೆ. ಒಂದು ಮಗ್ಗುಲು ಪೂರ್ತಿ ಬೇಯುವವರೆಗೆ ಮುಟ್ಟದೆ ಬಿಟ್ಟರೆ ಸಲೀಸಾಗಿ ಏಳುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ ಇಡಿ, ತೋಟದಲ್ಲಿ ಎಲೆಗೇನು ಬರ?

ಕೋಳಿಯದು ಬೇರೆ ಕಥೆ. ಚರ್ಮದ ಕೊಬ್ಬು ಕರಗಿ ಉರಿಯ ಮೇಲೆ ಬಿದ್ದರೆ ಭಗ್ ಅಂತ ಬೆಂಕಿ ಏಳುತ್ತದೆ. ಹೊರಗೆ ಇದ್ದಿಲು, ಮೂಳೆ ಹತ್ತಿರ ಹಸಿ. ಎರಡು ಬರ್ನರ್ ಇರುವುದರ ಉಪಯೋಗ ಗೊತ್ತಾದದ್ದು ಇಲ್ಲೇ: ಒಂದರ ಉರಿ ಆರಿಸಿ, ಉರಿ ಇಲ್ಲದ ಕಡೆ ಕೋಳಿ ಕಾಲುಗಳನ್ನು ಇಟ್ಟು, ಮುಚ್ಚಳ ಹಾಕಿ 40 ನಿಮಿಷ. ಕೊನೆಯ ಐದು ನಿಮಿಷ ಮಾತ್ರ ಉರಿಯ ಮೇಲೆ. ಒಂದೇ ಬರ್ನರ್‌ನ ಗ್ರಿಲ್‌ನಲ್ಲಿ ಈ ಕೆಲಸ ಆಗುವುದಿಲ್ಲ. ಸಾವಿರ ರೂಪಾಯಿ ಉಳಿಯುತ್ತದೆ ಅಂತ ಅದನ್ನು ತಗೋಬೇಡಿ.

ಅಡಿಯ ತಟ್ಟೆ ತೊಳೆಯದೆ ಬಿಟ್ಟು, ಒಮ್ಮೆ ಅದರಲ್ಲಿದ್ದ ಜಿಡ್ಡಿಗೇ ಬೆಂಕಿ ಹತ್ತಿತ್ತು. ನೀರು ಹಾಕಬಾರದು, ಹಾಕಿದರೆ ಉರಿಯುವ ಜಿಡ್ಡು ಎಲ್ಲ ಕಡೆ ಸಿಡಿಯುತ್ತದೆ. ಗ್ಯಾಸ್ ಆರಿಸಿ ಬೂದಿ ಸುರಿದೆ. ಆವತ್ತಿನಿಂದ ತಟ್ಟೆಗೆ ಮೊದಲೇ ಒಂದು ಪದರ ಬೂದಿ ಹರಡಿಡುತ್ತೇನೆ. ಜಿಡ್ಡನ್ನು ಅದು ಹೀರಿಕೊಳ್ಳುತ್ತದೆ, ತೊಳೆಯುವುದೂ ಸುಲಭ.

ರುಚಿ? ಅಮ್ಮ ಮೊದಲ ದಿನವೇ ತೀರ್ಪು ಕೊಟ್ಟಾಗಿತ್ತು. "ಬೆಂದದ್ದೇನೋ ಬೆಂದಿದೆ ಕಣೋ, ಸುಟ್ಟ ವಾಸನೆ ಎಲ್ಲಿ?" ಅಂದರು. ಅವರ ಮಾತು ಸರಿ. ಗ್ಯಾಸಿಗೆ ಹೊಗೆ ಇಲ್ಲ. ಸ್ವಲ್ಪ ವಾಸನೆ ಬರುವುದು ಕೊಬ್ಬು, ಮಸಾಲೆ ಬರ್ನರ್ ಮೇಲಿನ ತಗಡಿಗೆ ಬಿದ್ದು ಸುಟ್ಟಾಗ ಮಾತ್ರ. ತರಕಾರಿಯಲ್ಲಿ ಕೊಬ್ಬು ಎಲ್ಲಿಂದ ಬರಬೇಕು? ಈಗ ತೆಂಗಿನ ಕರಟದ ಒಂದು ಚೂರನ್ನು ಕೆಂಡ ಮಾಡಿ, ಕಬ್ಬಿಣದ ಸಣ್ಣ ಬಟ್ಟಲಲ್ಲಿ ಜಾಲರಿಯ ಮೂಲೆಗಿಟ್ಟು, ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು ಮುಚ್ಚಳ ಹಾಕುತ್ತೇನೆ. ಅಮ್ಮ ಈಗ ಏನೂ ಹೇಳುವುದಿಲ್ಲ. ಮೆಚ್ಚಿದರೂ ಅಷ್ಟೇ, ಹೇಳುವವರಲ್ಲ.

ಇನ್ನು ಮಳೆ. 2023ರಲ್ಲಿ ಮಳೆ ಕೈಕೊಟ್ಟಿತ್ತು, ರಾಜ್ಯದ ಬಹುಪಾಲು ತಾಲ್ಲೂಕುಗಳಲ್ಲಿ ಬರ ಘೋಷಣೆಯಾದ ವರ್ಷ ಅದು. ಗ್ರಿಲ್ ಗಟ್ಟಿಯಾಗಿಯೇ ಇದೆ ಅಂದುಕೊಂಡೆ. 2024ರ ಮಳೆ ಬಂತು ನೋಡಿ, ಬಣ್ಣ ಬಯಲಾಯಿತು, ಎರಡೂ ಅರ್ಥದಲ್ಲಿ. ಜೊತೆಗೆ ಕೊಟ್ಟಿದ್ದ ಪ್ಲಾಸ್ಟಿಕ್ ಕವರ್ ಹಾಕಿ ಜಗುಲಿಯಲ್ಲಿ ಇಟ್ಟಿದ್ದೆ. ಕವರ್ ಮಳೆ ತಡೆಯಿತು, ಆದರೆ ಒಳಗಿನ ತೇವವನ್ನೂ ಹೊರಗೆ ಬಿಡಲಿಲ್ಲ. ಆಗಸ್ಟ್‌ನಲ್ಲಿ ತೆಗೆದರೆ ಮುಚ್ಚಳದ ಒಳಗೆ ಬೂಷ್ಟು, ಕಾಲಿನ ಬೆಸುಗೆಯಲ್ಲಿ ತುಕ್ಕು, ಜಾಲರಿಯ ಹೊಳಪು ಸಿಪ್ಪೆಸಿಪ್ಪೆಯಾಗಿ ಎದ್ದಿತ್ತು. ಆ ಸಿಪ್ಪೆ ಊಟಕ್ಕೆ ಸೇರಬಾರದು, ಜಾಲರಿ ಗುಜರಿಗೆ ಹೋಯಿತು. ತೀರ್ಥಹಳ್ಳಿಯ ವೆಲ್ಡಿಂಗ್ ಶಾಪ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸರಳಿನ ಹೊಸದನ್ನು 900 ರೂಪಾಯಿಗೆ ಮಾಡಿಸಿದೆ. ಹಳೆಯದಕ್ಕಿಂತ ದಪ್ಪ, ಬಿಸಿಯನ್ನೂ ಚೆನ್ನಾಗಿ ಹಿಡಿಯುತ್ತದೆ. ಕಿಡಿ ಹಾರಿಸುವ ಬಟನ್ ಆ ಜುಲೈಗೇ ಸತ್ತಿತ್ತು. ಅದರ ಚಿಂತೆ ಬಿಡಿ, ಉದ್ದನೆಯ ಲೈಟರ್ ಸಾಕು.

ನಿಜವಾಗಿ ಹೆದರಿಸಿದ್ದು ಆ ವರ್ಷದ ನವೆಂಬರ್. ಅಡಿಕೆ ಕೊಯ್ಲಿಗೆ ಬಂದ ನೆಂಟರಿಗೆ ಅಂತ ಗ್ರಿಲ್ ಹಚ್ಚಿದೆ. ಬಲಗಡೆಯದು ನೀಲಿ ಉರಿ. ಎಡಗಡೆಯದು ಹಳದಿ, ಸೊರಗಿದ ಉರಿ, ತುದಿಯಲ್ಲಿ ಮಸಿ. ಏನಾಯಿತು ಅಂತ ಬಗ್ಗಿ ನೋಡುತ್ತಿದ್ದಂತೆ ನಾಬ್‌ನ ಹಿಂದಿನಿಂದ ಬುಸ್ ಅಂತ ಬೆಂಕಿ ಹೊರಗೆ ಬಂತು. ಮುಂಗೈ ಕೂದಲು ಸುಟ್ಟ ವಾಸನೆ ಮೊದಲು, ಉರಿ ಆಮೇಲೆ ಗೊತ್ತಾಯಿತು. ಓಡಿ ರೆಗ್ಯುಲೇಟರ್ ಆರಿಸಿದೆ. ತಣ್ಣಗಾದ ಮೇಲೆ ಎರಡು ಸ್ಕ್ರೂ ಬಿಚ್ಚಿ ಬರ್ನರ್ ಕೊಳವೆ ಎಳೆದು, ತೆಂಗಿನ ಕಡ್ಡಿ ತೂರಿಸಿದರೆ, ಕಡ್ಡಿಯ ತುದಿಗೆ ಹತ್ತಿಯಂಥ ಜೇಡರ ಬಲೆ ಸುತ್ತಿಕೊಂಡು ಬಂತು. ಅದರ ಹಿಂದೆಯೇ ಕುಂಬಾರ ಹುಳ ಮೆತ್ತಿದ್ದ ಮಣ್ಣಿನ ಉಂಡೆ. ಕೊಳವೆಯ ಬಾಯಲ್ಲಿ ಗ್ಯಾಸು ರಭಸದಿಂದ ನುಗ್ಗುವಾಗ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಮುಂದೆ ದಾರಿ ಕಟ್ಟಿದರೆ ಅದೇ ಗ್ಯಾಸು ಬಾಯಿಂದ ವಾಪಸ್ ಚೆಲ್ಲಿ, ಅಲ್ಲೇ ಹತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟಿದ್ದ ಗ್ರಿಲ್ ಹಚ್ಚುವ ಮೊದಲು ಕೊಳವೆ ಬಿಚ್ಚಿ ಕಡ್ಡಿ ಆಡಿಸಿ. ಈ ವಿಮರ್ಶೆಯಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನು ಬಿಡಬೇಡಿ.

2025ರ ಮಳೆಗೆ ಬುದ್ಧಿ ಬಂದಿತ್ತು. ಜಾಲರಿಗೆ ಕೊಬ್ಬರಿ ಎಣ್ಣೆ ಸವರಿ, ಬರ್ನರ್ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಇಡೀ ಗ್ರಿಲ್ಲನ್ನು ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಕವರ್ ಇಲ್ಲ, ಹಳೇ ಗೋಣಿಚೀಲ ಮಾತ್ರ. ಮಳೆಗಾಲದಲ್ಲಿ ಒಲೆ ದಿನಾ ಉರಿಯುತ್ತದಲ್ಲ, ಆ ಬಿಸಿಗೆ ತೇವ ನಿಲ್ಲಲಿಲ್ಲ. ತುಕ್ಕು ಹೊಸದಾಗಿ ಒಂದು ಬೆರಳಷ್ಟೂ ಹಬ್ಬಲಿಲ್ಲ.

ಮಳೆಯಲ್ಲಿ ಬಳಸಬೇಕೆಂದರೆ ಎಲ್ಲಿ ಇಡುವುದು ಅನ್ನುವುದೇ ತಲೆನೋವು. ಒಳಗೆ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ತೊಟ್ಟಿ ಮನೆಯವರು ಒಳ ಅಂಗಳದಲ್ಲಿ ಇಡೋಣ, ಆಕಾಶ ಕಾಣುತ್ತದಲ್ಲ ಅಂದುಕೊಳ್ಳಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಆ ತಗ್ಗಿನಲ್ಲೇ ಹೋಗಿ ಕೂರುತ್ತದೆ. ನಾವು ಹೊರ ಜಗುಲಿಯ ತೆರೆದ ತುದಿಯಲ್ಲಿ, ಮರದ ಕಂಬದಿಂದ ದೂರ ಇಡುತ್ತೇವೆ. ಇರಚಲು ಹೊಡೆದರೆ ಆವತ್ತಿನ ಕಾರ್ಯಕ್ರಮ ರದ್ದು.

"ಪೋರ್ಟಬಲ್" ಅನ್ನುವ ಮಾತು ಅರ್ಧ ಸತ್ಯ. ಗ್ರಿಲ್ ಹಗುರ, ಸಿಲಿಂಡರ್ ಅಲ್ಲ. ಗಾಳಿ ಬೀಸಿದರೆ ಉರಿ ಒಂದು ಕಡೆ ವಾಲುತ್ತದೆ, ಆರಿಹೋದರೂ ಗೊತ್ತಾಗುವುದಿಲ್ಲ. ಭಾವನ ಹತ್ತಿರ ಸ್ಪ್ರೇ ಡಬ್ಬಿಯಂಥ ಬ್ಯೂಟೇನ್ ಕ್ಯಾನ್ ಹಾಕುವ ಸಣ್ಣ ಗ್ರಿಲ್ ಇದೆ. ಹೊತ್ತುಕೊಂಡು ಹೋಗಲು ಅದೇ ವಾಸಿ. ಆದರೆ ಜನವರಿಯಲ್ಲಿ ಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ಬೆಳಗ್ಗೆ ಆರೂವರೆಗೆ ಹಚ್ಚಿದಾಗ, ಕಾಲು ಗಂಟೆಯಲ್ಲಿ ಉರಿ ಇಳಿದು ದೀಪದ ಕುಡಿಯಷ್ಟಾಯಿತು. ಕ್ಯಾನ್ ಮುಟ್ಟಿದರೆ ಮಂಜುಗಡ್ಡೆ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಗ್ಯಾಸ್ ಆಗುತ್ತಾ ಆಗುತ್ತಾ ಕ್ಯಾನನ್ನೇ ತಣ್ಣಗೆ ಮಾಡಿಕೊಂಡು, ಕೊನೆಗೆ ಸಾಕಷ್ಟು ಗ್ಯಾಸ್ ಏಳುವುದೇ ಇಲ್ಲ. ನಮ್ಮ ಸಿಲಿಂಡರ್‌ನ ಎಲ್‌ಪಿಜಿಯಲ್ಲಿ ಪ್ರೊಪೇನ್ ಕೂಡ ಬೆರೆತಿರುತ್ತದೆ, ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಚಳಿಗೆ ಅಷ್ಟು ಬೇಗ ಸೋಲುವುದಿಲ್ಲ. ಭಾವ ಕ್ಯಾನನ್ನು ಒಲೆಯ ಹತ್ತಿರ ಬಿಸಿಗಿಡೋಣ ಅಂದರು. ಕೈ ಮುಗಿದು ತಡೆದೆವು. ಬಿಸಿಲು ಬರುವವರೆಗೆ ಕಾದು ಕಾಫಿ ಕುಡಿದೆವು.

ಯಾರು ತಗೋಬಹುದು? ಶಿವಮೊಗ್ಗ ಪೇಟೆಯಲ್ಲಿ ತಾರಸಿ ಇದ್ದು, ತಿಂಗಳಿಗೆ ಎರಡು ಸಲ ಸುಡುವವರಿಗೆ ಇದು ಧಾರಾಳ ಸಾಕು. ಘಾಟಿ ಪಕ್ಕದ ನಮ್ಮಂಥವರು ತಗೋಬೇಕಾದರೆ ಅಟ್ಟದಲ್ಲಿ ಜಾಗ, ವೆಲ್ಡಿಂಗ್ ಶಾಪ್‌ನ ಪರಿಚಯ ಎರಡೂ ಇರಲಿ. ವಾರಂಟಿ ಒಂದು ವರ್ಷ ಅಂತ ಬರೆದಿತ್ತು. ತುಕ್ಕು ಅದರಲ್ಲಿ ಬರುವುದಿಲ್ಲ ಅಂತ ಉತ್ತರ ಬಂತು, ಅಲ್ಲಿಗೆ ಮುಗಿಯಿತು. ಇಲ್ಲಿಯವರೆಗೆ ಪೈಪ್, ರೆಗ್ಯುಲೇಟರ್, ಜಾಲರಿ ಸೇರಿ ನನ್ನ ಖರ್ಚು ಏಳು ಸಾವಿರದ ಹತ್ತಿರ.

ಎಡಗಡೆ ಬರ್ನರ್ ಈಗ ನಡುವೆ ತೂತು ಬಿದ್ದಿದೆ, ಬೆರಳು ತೂರುವಷ್ಟು. ಆ ಕಡೆಯ ನಾಬ್ ಬಿಚ್ಚಿಟ್ಟು, ಗ್ಯಾಸ್ ದಾರಿಗೆ ಬಿರಡೆ ಹಾಕಿಸಿದ್ದೇನೆ. ಅದೇ ಅಳತೆಯ ಬರ್ನರ್ ಹುಡುಕಿಸುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಕೋಳಿ ಇಲ್ಲ. ಬದನೆಕಾಯಿಗೆ ಬಲಗಡೆಯದೊಂದೇ ಸಾಕು, ನಿನ್ನೆಯೂ ಮೂರು ಸುಟ್ಟೆವು.