ಪ್ಲಗ್ ಮೀಟರ್ ವಿಮರ್ಶೆ: ಚಾರ್ಜರ್ ನಿರಪರಾಧಿ, ಬಿಸಿನೀರೇ ಅಪರಾಧಿ

ಗೋಡೆಯ ಸಾಕೆಟ್ಟಿಗೆ ಈ ಮೀಟರ್ ಸಿಕ್ಕಿಸಿ, ಅದರ ಮೈಗೆ ಟಿವಿಯದೋ ಫ್ರಿಜ್ಜಿನದೋ ಪ್ಲಗ್ ಚುಚ್ಚಿದರೆ ಆಯಿತು. ಆ ಕ್ಷಣಕ್ಕೆ ಎಷ್ಟು ವ್ಯಾಟ್, ಈವರೆಗೆ ಎಷ್ಟು ಯೂನಿಟ್, ಎಲ್ಲ ಪರದೆಯ ಮೇಲೆ ಬರುತ್ತದೆ. ನಾನು ತರಿಸಿದ್ದು ಮಾವನವರ ಜೊತೆಗಿನ ಹಳೇ ವಾದ ತೀರಿಸಲಿಕ್ಕೆ. ಖಾಲಿ ಚಾರ್ಜರಿನ ಸ್ವಿಚ್ ಆನ್ ಇದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಗೀಸರ್ ಮಾತ್ರ ಗಂಟೆಗಟ್ಟಲೆ ಹಾಕಿಯೇ ಇರುತ್ತದೆ!

ಖಾಲಿ ಚಾರ್ಜರ್ ಹಾಕಿದರೆ ಪರದೆಯಲ್ಲಿ 0.0. ಇಷ್ಟು ಸಣ್ಣ ಹೊರೆಯನ್ನು ಅಳೆಯುವ ಶಕ್ತಿ ಈ ಮೀಟರಿಗಿಲ್ಲ, ಅದನ್ನು ಒಪ್ಪಬೇಕು. ಆದರೂ 0.3 ವ್ಯಾಟ್ ಎಂದೇ ಹಿಡಿಯಿರಿ, ವರ್ಷಪೂರ್ತಿ ಹಾಗೇ ಬಿಟ್ಟರೂ ಮೂರು ಯೂನಿಟ್ ಮುಟ್ಟುವುದಿಲ್ಲ.

ಸೆಟ್‌ಟಾಪ್ ಬಾಕ್ಸ್ ಕಥೆಯೇ ಬೇರೆ. ರಿಮೋಟಿನಿಂದ ಆರಿಸಿದೆ. 11 ವ್ಯಾಟ್ ಇದ್ದದ್ದು 10ಕ್ಕೆ ಇಳಿಯಿತು, ಅಷ್ಟೇ. ಹತ್ತು ವ್ಯಾಟ್ ಹಗಲೂ ರಾತ್ರಿ ಎಂದರೆ ವರ್ಷಕ್ಕೆ 87 ಯೂನಿಟ್ ಚಿಲ್ಲರೆ. ಸುಮ್ಮನೆ ಕೂತ ಉಪಕರಣ 1 ವ್ಯಾಟ್ ದಾಟಬಾರದು ಎಂಬ ಸಲಹೆಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಮುಂದಿಟ್ಟಿತ್ತು. ನಮ್ಮ ಡಬ್ಬಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಈಗ ಅದರ ಸ್ವಿಚ್ಚನ್ನೇ ಆರಿಸುತ್ತೇವೆ.

ಫ್ರಿಜ್ಜಿಗೆ ಹಾಕಿದಾಗ ಕ್ಷಣದ ವ್ಯಾಟ್ ನೋಡಿ ಲೆಕ್ಕ ಹಾಕಬೇಡಿ. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ. ಪೂರಾ ಒಂದು ದಿನ ಬಿಟ್ಟು ಒಟ್ಟು ಯೂನಿಟ್ ನೋಡಿ. ವಾಷಿಂಗ್ ಮಷೀನಿನಲ್ಲಿ ಕಾದು ನೋಡಿದರೆ ಮಜಾ ಇದೆ: ಡ್ರಮ್ ತಿರುಗುವಾಗ ಅಂಕಿ ಸೌಮ್ಯವಾಗಿರುತ್ತದೆ, ನೀರು ಕಾಯಿಸಲು ಶುರುವಾದ ಕೂಡಲೇ ಸಾವಿರ ದಾಟಿ ಓಡುತ್ತದೆ. ತಣ್ಣೀರಿನಲ್ಲೇ ಒಗೆಯಿರಿ ಎಂದು ಯಾರೂ ಭಾಷಣ ಮಾಡಬೇಕಿಲ್ಲ, ಆ ಅಂಕಿ ಸಾಕು.

ಇನ್ನು ಗೀಸರ್. ಅದರ ದಪ್ಪ ಪ್ಲಗ್ ಈ ಮೀಟರಿಗೆ ಹಿಡಿಸುವುದಿಲ್ಲ, ಒತ್ತಾಯಕ್ಕೆ ಅಡಾಪ್ಟರ್ ಹಾಕಲೂ ಹೋಗಬೇಡಿ, ಸುಟ್ಟೀತು. ಪೆನ್ನು ಹಿಡಿದರೂ ಲೆಕ್ಕ ಸಿಗುತ್ತದೆ: 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿ ಮೇಲೇರಿಸಲು ಅರ್ಧ ಯೂನಿಟ್ಟಿಗೂ ಹೆಚ್ಚು ಬೇಕು. ಅಂದರೆ ಖಾಲಿ ಚಾರ್ಜರಿನ ಇಡೀ ವರ್ಷದ ಪಾಪ ನಾಲ್ಕೈದು ಬಕೆಟ್ ಬಿಸಿನೀರಿಗೆ ಸಮ. ಮಾವನವರು ಈ ಲೆಕ್ಕ ಬರೆದ ಕಾಗದವನ್ನು ಎರಡು ಸಲ ಓದಿ, "ಆದರೂ ಆರಿಸುವುದು ಒಳ್ಳೆಯ ಅಭ್ಯಾಸ" ಎಂದರು. ವಾದ ತೀರಲಿಲ್ಲ. ಗೀಸರಿನ ಸ್ವಿಚ್ ಮಾತ್ರ ಈಗ ಸ್ನಾನಕ್ಕೆ ಸ್ವಲ್ಪ ಮೊದಲು ಬೀಳುತ್ತಿದೆ.

ಮೀಟರಿನ ದೊಡ್ಡ ಕೊರತೆ ಬೇರೆಯೇ ಇದೆ. ಇದಕ್ಕೆ ಕಾಣುವುದು ತಂತಿಯಲ್ಲಿ ಹರಿಯುವ ಕರೆಂಟು ಮಾತ್ರ. ಇದರ ಪ್ರಕಾರ ಮೊಬೈಲ್ ಪರಮ ಸಾಧು. ಆದರೆ ಫೋನಿನ ಇಡೀ ಆಯುಷ್ಯದ ಇಂಗಾಲದಲ್ಲಿ, ಅಂದರೆ ಭೂಮಿಯನ್ನು ಬಿಸಿಮಾಡುವ ಅನಿಲದಲ್ಲಿ, ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಹೊರಬಿದ್ದಿರುತ್ತದೆ. ಹಾಗಾಗಿ ಚಾರ್ಜರ್ ಆರಿಸುವುದಕ್ಕಿಂತ ಅದೇ ಫೋನನ್ನು ಇನ್ನೆರಡು ವರ್ಷ ಬಳಸುವುದೇ ದೊಡ್ಡ ಉಳಿತಾಯ. 1990ರ ದಶಕದಲ್ಲಿ ಪರಿಸರ ತಜ್ಞರಾದ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನಾಗೆಲ್ ರೂಪಿಸಿದ ಪರಿಸರ ಹೆಜ್ಜೆಗುರುತಿನ (ನಮ್ಮ ಬದುಕಿಗೆ ಎಷ್ಟು ನೆಲ-ನೀರು ಬೇಕೆಂಬ) ಲೆಕ್ಕ ಇಂಥದ್ದನ್ನೆಲ್ಲ ಸೇರಿಸಿಕೊಳ್ಳುತ್ತದೆ: ನಮ್ಮ ಊಟ, ಬಟ್ಟೆ, ಕಾಗದಕ್ಕೆ ಬೇಕಾದ ಹೊಲ, ಹುಲ್ಲುಗಾವಲು, ಕಾಡು, ಕಡಲು, ಜೊತೆಗೆ ನಾವು ಬಿಟ್ಟ ಇಂಗಾಲವನ್ನು ಹೀರಲು ಬೇಕಾಗುವ ಕಾಡು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಆ ಇಂಗಾಲದ ಪಾಲೇ ಸುಮಾರು 60%. ಮನೆಯ ಕರೆಂಟು ಅದರಲ್ಲೊಂದು ತುಂಡು. ಒಂದು ವಿಮಾನ ಪ್ರಯಾಣ ಮಾಡಿ ಬಂದು ಸೆಟ್‌ಟಾಪ್ ಬಾಕ್ಸ್ ಆರಿಸಿದರೆ ಮೀಟರ್ ಏನೂ ಅನ್ನುವುದಿಲ್ಲ.

ಸಣ್ಣಪುಟ್ಟ ತಕರಾರುಗಳೂ ಇವೆ. ಮೈ ದಪ್ಪ, ಪಕ್ಕದ ಸಾಕೆಟ್ಟನ್ನೂ ಮುಚ್ಚುತ್ತದೆ. ಪರದೆಗೆ ಬೆಳಕಿಲ್ಲ, ಫ್ರಿಜ್ಜಿನ ಹಿಂದೆ ಹಾಕಿದರೆ ಟಾರ್ಚ್ ಹಿಡಿದು ಬಗ್ಗಬೇಕು. ಒಳಗಿನ ಬಟನ್ ಸೆಲ್ ಸತ್ತರೆ ಕೂಡಿಟ್ಟ ಲೆಕ್ಕವೆಲ್ಲ ಅಳಿಸಿಹೋಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಮನೆಗೊಂದು ಕೊಳ್ಳಬೇಡಿ. ಒಮ್ಮೆ ಮನೆಯಲ್ಲಿರುವುದನ್ನೆಲ್ಲ ಅಳೆದ ಮೇಲೆ ಇದಕ್ಕೆ ಕೆಲಸವಿಲ್ಲ, ಡ್ರಾಯರ್ ಸೇರುತ್ತದೆ. ಇಡೀ ಕಟ್ಟಡಕ್ಕೆ ಒಂದಿದ್ದರೆ ಧಾರಾಳ. ನಮ್ಮದು ಈಗ ಮೇಲಿನ ಮನೆಯವರ ಹತ್ತಿರ ಇದೆ, ಆಮೇಲೆ ಎದುರು ಮನೆಯವರ ಸರದಿ.